ಅಣ್ಣನ ಹೆಸರಿನ ಸಿಪಾಯಿ

2023ರಲ್ಲಿ ನಾನು ಶಹಾಬಾದ್ ಕಡೆಯ ಹಳ್ಳಿಯೊಂದರಲ್ಲಿ ಗ್ರಾಮ ಆಡಳಿತಾಧಿಕಾರಿಯಾಗಿದ್ದೆ. ಜನ ಇಂದಿಗೂ ನಮ್ಮನ್ನು ತಲಾಠಿ ಎಂದೇ ಕರೆಯುತ್ತಾರೆ. ಸಾವುಗಳನ್ನು ನೋಂದಾಯಿಸುವುದೂ ನಮ್ಮ ಕೆಲಸ. ಆ ವರ್ಷದ ಹದಿನೇಳನೆಯ ನೋಂದಣಿ ಮಾತ್ರ ನನ್ನ ಡೈರಿಯ ಮೂರು ಪುಟ ತಿಂದಿದೆ. ಹೆಸರುಗಳನ್ನು ಬದಲಿಸಿದ್ದೇನೆ, ಕಾರಣ ಮುಂದೆ ತಿಳಿಯುತ್ತದೆ.

ಬಂದವರು ನಿವೃತ್ತ ಸೈನಿಕ, ಜೊತೆಗೆ ಅವರ ವಿಧವೆ ಅತ್ತಿಗೆ. ಸತ್ತವರು ಸೈನಿಕರ ಅಣ್ಣ. ಬದುಕಿಡೀ ನೆಲಹಾಸಿನ ಫರಸಿ ಖಣಿಯಲ್ಲಿ ಕಲ್ಲು ಒಡೆದವರು.

"ಶರಣಪ್ಪ ಅಂತ ಬರೀರಿ," ಎಂದರು ಸೈನಿಕ. ಸತ್ತವರ ಆಧಾರ್ ಕಾರ್ಡಿನಲ್ಲಿ ಭೀಮಶ್ಯಾ ಎಂದಿತ್ತು.

"ಅದು ನನ್ನ ಹೆಸರ್ರಿ. ಅವನ ಹೆಸರು ನನ್ನ ಪಿಂಚಣಿ ಪುಸ್ತಕದಾಗ ಅದ."

ಹದಿನೈದನೆಯ ವಯಸ್ಸಿನಲ್ಲಿ, ವಯಸ್ಸು ಸಾಲದೆ, ಅಣ್ಣನ ಶಾಲಾ ದಾಖಲೆ ತೋರಿಸಿ ಅವರು ಸೇನೆಗೆ ಸೇರಿದ್ದರು. ಮುಂದೆ ಊರಿನಲ್ಲಿ ರೇಷನ್ ಕಾರ್ಡ್ ಮಾಡಿಸುವಾಗ, ತಮ್ಮನಿಗೆ ತೊಂದರೆಯಾಗದಿರಲೆಂದು ಅಣ್ಣ ತಮ್ಮನ ಹೆಸರನ್ನೇ ಬರೆಸಿದರು. ಆಮೇಲೆ ಬಂದ ಕಾಗದಗಳೆಲ್ಲ ಹಾಗೆಯೇ ಆದವು.

"ಮೊದ್ಲ ದಿನ ಹಾಜರಿ ಕೂಗಿದಾಗ ನಾ ಓ ಅನ್ಲಿಲ್ಲ. ಹವಾಲ್ದಾರ ಬಾರಿಸಿದ. ಎಪ್ಪತ್ತೊಂದರ ಲಡಾಯಿದಾಗ ಹದಿನಾರು ನನಗ. ಬಾಜೂಕಿದ್ದ ಬೀದರ ಹುಡುಗ ಗುಂಡು ತಿಂದು, 'ಶರಣಪ್ಪಾ, ಕೈ ಬಿಡಬ್ಯಾಡೋ' ಅಂತ ಚೀರಿದ. ಜೀವ ಹೋಗೋತನ ಹಿಡ್ಕೊಂಡಿದ್ದೆ. ಆವತ್ತಿನಿಂದ ನಾ ಶರಣಪ್ಪನೇ ಆದೆ. ಆದ್ರ ಹೆಸರು ನಮ್ಮಣ್ಣಂದು. ಈಗರೆ ವಾಪಸ್ ಕೊಡಬೇಕಲ್ರಿ."

ಶರಣಪ್ಪ ಸತ್ತರೆಂದು ಬರೆದರೆ ಪಿಂಚಣಿ ನಿಲ್ಲುತ್ತದೆ, ವಿಚಾರಣೆಯೂ ಆಗಬಹುದು ಎಂದೆ.

"ನಿಲ್ಲಲಿ. ಕೇಸೂ ಆಗಲಿ."

ಬಾಗಿಲ ಬಳಿ ಕುಳಿತಿದ್ದ ಅತ್ತಿಗೆ ಸಿಡಿದರು. "ನಿನಗೇನು ತಮ್ಮಾ, ಫೌಜಿನ ಮಾತಾಡ್ತಿ! ನನ್ನ ಗಂಡ ಮನಿ ಹಕ್ಕುಪತ್ರದಾಗ ಭೀಮಶ್ಯಾ, ಮಕ್ಕಳ ಸಾಲಿ ಕಾಗದದಾಗ ಭೀಮಶ್ಯಾ. ಅಂವ ಶರಣಪ್ಪ ಆದ್ರ ನಾ ಯಾರ ಹೆಂಡ್ತಿ? ಮನಿ ಯಾರ್ದು?"

ಯಾವ ಹೆಸರು ಬರೆದರೂ ಒಂದು ಮನೆ ಬೀಳುತ್ತಿತ್ತು ಇಲ್ಲವೇ ಒಂದು ಸುಳ್ಳು ಉಳಿಯುತ್ತಿತ್ತು; ನಮೂನೆಯಲ್ಲಿ ಮೃತರ ಹೆಸರಿಗೆ ಇದ್ದದ್ದು ಒಂದೇ ಖಾನೆ. ಕೊನೆಗೆ ಸೈನಿಕರೇ ತಲೆ ತಗ್ಗಿಸಿ ಹೇಳಿದರು: "ಭೀಮಶ್ಯಾ ಅಂತೇ ಬರೀರಿ. ನಾನೇ ಸತ್ತೆ ಅನ್ರಿ."

ಆಧಾರ್ ಪ್ರಕಾರ ಬರೆದೆ. ಮಾಹಿತಿ ಕೊಟ್ಟವರ ಸಂಬಂಧ ತುಂಬಬೇಕಿತ್ತು. ದಾಖಲೆಯ ವಯಸ್ಸಿನಂತೆ ಸೈನಿಕರೇ ಹಿರಿಯರು. 'ಅಣ್ಣ' ಎಂದು ಬರೆಯಹೊರಟ ನನ್ನ ಪೆನ್ನಿಗೆ ಅವರು ಕೈ ಅಡ್ಡ ಇಟ್ಟರು.

"ಅವನ ಹೆಸರು ಕಸ್ಕೊಂಡೆ. ಹಿರೇತನಾನೂ ಕಸ್ಕೊಳ್ಲೇನ್ರಿ ಯವ್ವಾ?"

'ತಮ್ಮ' ಎಂದು ಬರೆದೆ. ಕಚೇರಿಯ ಲೆಕ್ಕದಲ್ಲಿ ಅದು ತಪ್ಪು ನಮೂದು. ಆ ಕಡತದಲ್ಲಿ ನಿಜವಾದದ್ದೂ ಅದೊಂದೇ. ಅಂದಿನಿಂದ ಯಾರೇ ಸಾವು ಬರೆಸಲು ಬಂದರೂ ನಾನು ಮೊದಲು ಹೆಸರು ಕೇಳುವುದಿಲ್ಲ. ಕುಳ್ಳಿರಿಸಿ, "ನಿಮಗ ಏನಾಗಬೇಕ್ರಿ ಅವ್ರು?" ಎಂದು ಕೇಳುತ್ತೇನೆ.