ಡಾಕ್ಟರ ಮಾತಿಗೊಂದು, ಅಕ್ಕನ ಮಾತಿಗೊಂದು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೆಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಟೈಪಕ್ಕ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಕಿವಿಗೆ ಹೆಡ್‌ಫೋನ್, ಬಲಗಾಲಿನ ಕೆಳಗೆ ಒಂದು ಪೆಡಲ್. ಒತ್ತಿದರೆ ಡಾಕ್ಟರ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆಸ್ಪತ್ರೆಯ ಡಾಕ್ಟರುಗಳು ಹಿಂದಿನ ಸಂಜೆ ಒಂದೇ ಉಸಿರಿಗೆ ಹೇಳಿ ಕಳಿಸಿದ್ದನ್ನೆಲ್ಲ ಇವರು ರಿಪೋರ್ಟಾಗಿ ಟೈಪ್ ಮಾಡಬೇಕು. ವಾರ್ಡಿನಲ್ಲಿ ರೌಂಡ್ಸ್ ಶುರುವಾಗುವುದರೊಳಗೆ ಮೂವತ್ತರಷ್ಟು ಹೋಗಿರಬೇಕು. ತಲೆ ಮೇಲೆ ತಲೆ ಬಿದ್ದರೂ ಅದು ತಪ್ಪುವಂತಿಲ್ಲ.

ನರ್ಸುಗಳು ಇವರ ಮುಖ ಕಂಡವರಲ್ಲ. ‘ಟೈಪಕ್ಕ’ ಫೋನಿನಲ್ಲೇ ಅಂಟಿಕೊಂಡ ಹೆಸರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಮಾಡುತ್ತಿದ್ದ ಕೆಲಸ ಮನೆಗೆ ಬಂದ ಮೇಲೆ, ಇದ್ದ ಒಂದೇ ಕಂಪ್ಯೂಟರಿಗೆ ಗಾಣದೆತ್ತಿನ ಪಾಡಾಯಿತು. ರಿಪೋರ್ಟೂ ಅದರಲ್ಲೇ, ಮಗಳ ಪಾಠವೂ ಅದರಲ್ಲೇ, ಗಂಡನ ಚೆಸ್ಸೂ ಅದರಲ್ಲೇ, ಇವರ ಸ್ವಂತ ಅಕ್ಕ ಕಳಿಸುವ ವಾಯ್ಸ್ ಮೆಸೇಜೂ ಅದರಲ್ಲೇ. ಈ ಅಕ್ಕನೋ, ಬಾಯಿ ತೆರೆದರೆ ಪೂರ್ಣವಿರಾಮ ಹಾಕುವವರಲ್ಲ.

“ಡಾಕ್ಟ್ರು ಹೇಗೇ ಹೇಳ್ಲಿ, ಬೆರಳು ತಾನಾಗೇ ಒಪ್ಪ ಮಾಡಿ ಬರೆಯುತ್ತೆ. ಕಿವೀಗೆ ಬಿದ್ದಿದ್ದು ನೇರ ಕೈಗೆ ಹೋಗುತ್ತೆ, ತಲೇಗೆ ಹೋಗೋದೇ ಇಲ್ಲ” ಎನ್ನುತ್ತಾರೆ ಟೈಪಕ್ಕ.

ಒಂದು ಬೆಳಿಗ್ಗೆ ಆ ಅಭ್ಯಾಸವೇ ಮುಳುವಾಯಿತು. ಅಕ್ಕನ ಒಂದು ಮೆಸೇಜ್ ಕೇಳಿ ಮುಗಿಸಿ ಇವರು ಪೆಡಲ್ ಒತ್ತಿದ್ದಾರೆ. ವಯಸ್ಸಾದ ಹೃದ್ರೋಗಿಯೊಬ್ಬರ ಬಗ್ಗೆ ಲೇಡಿ ಡಾಕ್ಟರು ಹೇಳುತ್ತಾ ಹೇಳುತ್ತಾ ನಡುವೆ ಸುಮ್ಮನಾಗಿದ್ದಾರೆ. ಅಷ್ಟರಲ್ಲಿ ಅದೇ ಹೆಡ್‌ಫೋನಿನಲ್ಲಿ ಅಕ್ಕನ ಎರಡನೆಯ ಮೆಸೇಜ್ ತಾನಾಗಿ ಶುರುವಾಗಿದೆ. ಊರಲ್ಲಿರುವ ಅಪ್ಪನಿಗೆ ತಲೆ ಸುತ್ತುತ್ತಿತ್ತು, ಬಿಪಿ ಮಾತ್ರೆ ನಿಲ್ಲಿಸಿಬಿಟ್ವಿ ಕಣೇ, ಎಂಬ ಸುದ್ದಿ ಅದು. ಬೆರಳುಗಳು ‘ಕಣೇ’ಯನ್ನು ಉದುರಿಸಿ, ‘ರಕ್ತದೊತ್ತಡದ ಮಾತ್ರೆ ನಿಲ್ಲಿಸಲಾಗಿದೆ’ ಎಂದು ಆ ಹೃದ್ರೋಗಿಯ ರಿಪೋರ್ಟಿನಲ್ಲಿ ಅಚ್ಚುಕಟ್ಟಾಗಿ ಬರೆದವು. ರಿಪೋರ್ಟ್ ಹೋಯಿತು.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್. ಅಪ್ಪನ ಮಾತ್ರೆ ವಿಷಯ ಹೇಳಿದ್ದೆನಲ್ಲ, ಕೇಳಿದೆಯಾ? ಇಲ್ಲವಲ್ಲ ಎನ್ನಲು ಬಾಯಿ ತೆರೆದವರಿಗೆ ತಾವು ಟೈಪ್ ಮಾಡಿ ಕಳಿಸಿದ ಸಾಲು ನೆನಪಾಯಿತು. ಅಕ್ಕನ ಕರೆಯನ್ನು ಅರ್ಧಕ್ಕೇ ಕತ್ತರಿಸಿ ವಾರ್ಡಿಗೆ ಫೋನ್ ಹಚ್ಚಿದರು. ಆ ರೋಗಿಗೆ ಒಂದು ದಿನ ಮಾತ್ರೆ ತಪ್ಪಿದರೂ ಜೀವಕ್ಕೆ ಸಂಚಕಾರ. ನರ್ಸ್ ಫೋನ್ ಎತ್ತಿದ ಕೂಡಲೇ ಆ ಮಾತ್ರೆ ನಿಲ್ಲಿಸಬೇಡಿ ಎಂದರು.

“ಮಾತ್ರೆ ಈಗ್ತಾನೆ ಕೊಟ್ಟು ಬಂದೆ ಟೈಪಕ್ಕ. ನಿಮ್ಮ ರಿಪೋರ್ಟ್ ಇನ್ನೂ ತೆಗೆದೇ ಇಲ್ಲ” ಎಂದರಂತೆ ಆಕೆ.

ಟೈಪಕ್ಕ ಆ ಸಾಲು ಅಳಿಸಿ ರಿಪೋರ್ಟನ್ನು ಮತ್ತೆ ಕಳಿಸಿದರು. ರಿಪೋರ್ಟ್ ತಿದ್ದಿ ಕಳಿಸಿಯಾಯಿತು, ಸುಮ್ಮನಿರಬಾರದೇ ಎಂದು ಗಂಡ ಗೊಣಗಿದರೂ ಕೇಳದೆ ಮೇಲ್ವಿಚಾರಕರಿಗೆ ನಡೆದದ್ದನ್ನೆಲ್ಲ ಹೇಳಿದರು. ಕೆಲಸ ಹೋಗುತ್ತದೆಂದೇ ಲೆಕ್ಕ. ಅವರು ಚೆನ್ನಾಗಿ ಬೈದರು, ಆಮೇಲೆ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಆಸ್ಪತ್ರೆಯದೇ ಒಂದು ಕಂಪ್ಯೂಟರ್ ಕಳಿಸಿಕೊಟ್ಟರು.

ಈಗ ಈ ಕೋಣೆಯ ಕಂಪ್ಯೂಟರಿನಲ್ಲಿ ಮನೆಯ ಒಂದು ಫೋಟೋ ಕೂಡ ಇಲ್ಲ. ಹಳೆಯದು ಹಾಲ್‌ನಲ್ಲಿದೆ, ಮಗಳು, ಗಂಡ, ಚೆಸ್ಸು, ಎಲ್ಲರ ಜಗಳವೂ ಅಲ್ಲೇ. ಪ್ರಿಂಟ್ ತೆಗೆಯುವ ನೆಪ ಹೇಳಿ ಗಂಡ ಒಮ್ಮೆ ಒಳಗೆ ಇಣುಕಿದ್ದರಂತೆ. ಪೇಷೆಂಟಾ ನೀವು, ಎಂದು ಇವರು ಕೇಳಿದ ಮೇಲೆ ಆ ಕಡೆ ಸುಳಿದಿಲ್ಲ. ಆ ಹೃದ್ರೋಗಿ ನಡೆದುಕೊಂಡೇ ಮನೆಗೆ ಹೋದರು. ಅಪ್ಪನಿಗೂ ಬೇರೆ ಮಾತ್ರೆ ಒಗ್ಗಿದೆ. ಮನೆಗೆ ನೆಮ್ಮದಿ ಬಂದಿದೆ.

ಕೊನೆಯ ರಿಪೋರ್ಟ್ ಕಳಿಸಿ, ಕೋಣೆಯ ಬಾಗಿಲೆಳೆದು, ಟೈಪಕ್ಕ ಹಾಲ್‌ಗೆ ಬಂದು ಅಕ್ಕನ ಮೆಸೇಜ್ ಹಾಕುತ್ತಾರೆ. ಕೈ ಸುಮ್ಮನೆ ಮಡಿಲಲ್ಲಿದೆ.

“ಅವತ್ತು ಅಪ್ಪಂಗೆ ತಲೆ ಸುತ್ತುತ್ತೆ ಅಂತ ಅಕ್ಕ ಹೇಳ್ತಿದ್ಲು, ನಾನು ಯಾರೋ ಪೇಷೆಂಟ್ ಅಂತ ಟೈಪ್ ಮಾಡ್ತಾ ಕೂತಿದ್ದೆ” ಎನ್ನುತ್ತಾರೆ. “ಈಗ ಅಪ್ಪನ ಸುದ್ದಿ ಬಂದ್ರೆ ಮಗಳಾಗಿ ಕೇಳ್ತೀನಿ.”