ಊರೂರ ಹೆಸರು ಬಲ್ಲ ಶ್ರೀವತ್ಸ ಮೇಷ್ಟ್ರು

ದೆಹಲಿಯ ಮುನಿರ್ಕಾದ ನಮ್ಮ ಶ್ರೀವತ್ಸ ಮೇಷ್ಟ್ರಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ ಬಿಡಿ; ಕಿಟಕಿ ಕಂಡರೆ ಕೆತ್ತಿಸಿದ ರಾಜ ಯಾರು, ಹಳ್ಳ ಕಂಡರೆ ಅದರ ಹೆಸರೇನು ಎಂದು ಹೇಳದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ. ಬೆಂಡೆಕಾಯಿ ಮಾರುವ ಭಯ್ಯಾನ ಹತ್ತಿರವೂ ಅದು ಯಾವ ಜಿಲ್ಲೆಯದೆಂದು ವಿಚಾರಿಸುತ್ತಾರೆ; ಅಷ್ಟರಲ್ಲಿ ಹೆಂಡತಿ ವಿಮಲಮ್ಮ, ಪಾಪ, ಬೇರೆ ಗಾಡಿಯಲ್ಲಿ ಕೊಂಡು ಹುಳಿ ಮಾಡಿ ಇಳಿಸಿರುತ್ತಾರೆ. ವರ್ಷವರ್ಷವೂ ಇತಿಹಾಸದ ಮಕ್ಕಳನ್ನು ಕಟ್ಟಿಕೊಂಡು ಹೊರಡುವ ಮೇಷ್ಟ್ರು ಆ ಸಲ ನೇಪಾಳದ ಹಳೇ ರಾಜ್ಯವೊಂದರ ರಾಜಧಾನಿ ಪಾಲ್ಪಾಕ್ಕೆ ಹೋದರು. ಬೆಟ್ಟದ ತಿರುವಿನಲ್ಲಿ ಮಕ್ಕಳು ಬಸ್ಸಿನ ಕಿಟಕಿಯಿಂದ ವಾಂತಿ ಮಾಡುತ್ತಿದ್ದರೂ "ಅಚ್ಛಾ, ಈ ಶಿಖರದ ಹೆಸ್ರು ಬರ್ಕೊಳ್ಳಿ" ಎನ್ನುತ್ತಲೇ ಇದ್ದರಂತೆ. ಊರಿನ ಚೌಕದಲ್ಲಿ "ಸಾಬ್!" ಎಂದು ಒಬ್ಬ ಓಡಿಬಂದ. ದೆಹಲಿಯಲ್ಲಿ ದಿನಾ ಮೇಷ್ಟ್ರಿಗೆ ಕಾಲೋನಿಯ ಗೇಟು ತೆರೆಯುವವನು, ರಜೆಗೆಂದು ಮನೆಗೆ ಬಂದಿದ್ದ. ಬಿಟ್ಟಾನೆಯೇ? ಎಲ್ಲರನ್ನೂ ಮನೆಗೆ ಎಳೆದೊಯ್ದು, ಚಾಪೆ ಹಾಸಿ, ಚಹಾ ಕೊಟ್ಟ. "ಇವ್ರ ಹೆಸ್ರೂ ಬರ್ಕೊಳ್ಲಾ ಸರ್? ಏನಂತ?" ಎಂದಳು ಕನ್ನಡದ ಹುಡುಗಿ ಹರ್ಷಿಣಿ. ದೆಹಲಿಯವರ ಬಾಯಲ್ಲಿ ಗೇಟು ಕಾಯುವ ನೇಪಾಳಿಗಳೆಲ್ಲ ಬಹಾದ್ದೂರರೇ ತಾನೆ? "ಬಹಾದ್ದೂರ್. ನಮ್ಮ ಬಹಾದ್ದೂರ್" ಎಂದರು ಮೇಷ್ಟ್ರು. ಒಲೆಯ ಬಳಿ ಕೂತಿದ್ದ ಅವನ ತಾಯಿ ತಲೆಯೆತ್ತಿ, "ಬಹಾದ್ದೂರ್ ಯಾರೋ?" ಎಂದು ಮಗನನ್ನು ನೇಪಾಳಿಯಲ್ಲಿ ಕೇಳಿದಳು, ಹಿಂದಿ ಬಲ್ಲವರಿಗೆಲ್ಲ ಅರ್ಥವಾಯಿತು. ಅವನು ಸುಮ್ಮನೆ ನಕ್ಕು, ಮೇಷ್ಟ್ರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದ. ತಾಯಿ ಇಟ್ಟ ಹೆಸರೇನಪ್ಪಾ ಎಂದು ಆಗಲಾದರೂ ಕೇಳಬೇಕಿತ್ತು. ನಾಚಿಕೆಯಿಂದ ಮೇಷ್ಟ್ರು ಚಹಾ ಯಾವ ಜಿಲ್ಲೆಯದೆಂದು ಕೇಳಿದರು.