ಚಪ್ಪಲಿ ಮೆಟ್ಟಿಕೊಂಡು ಆಡುವ ಮಾತು

ಹಲಸೂರಿನ ನಮ್ಮ ಓಣಿಯಲ್ಲಿ ಸೋಮವಾರ ಸಂಜೆ ದೊಡ್ಡವ್ವನ ಖೋಲಿ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಗಿಲ ಮುಂದೆ ಚಪ್ಪಲಿಗಳ ಗುಡ್ಡೆಯೇ ಬಿದ್ದಿರುತ್ತಿತ್ತು. ಹವಾಯಿ ಚಪ್ಪಲಿ, ಸಿಮೆಂಟು ಮೆತ್ತಿದ ಚಪ್ಪಲಿ, ಪಟ್ಟಿ ಕಿತ್ತು ಪಿನ್ನು ಚುಚ್ಚಿಕೊಂಡ ಚಪ್ಪಲಿ. ಒಳಗೆ ಕಲಬುರಗಿ ಕಡೆಯಿಂದ ದುಡಿಯಲು ಬಂದ ನಾವೆಲ್ಲ ಹೆಗಲಿಗೆ ಹೆಗಲು ತಾಗಿಸಿ ಕೂತು ಭಜನೆ ಮಾಡುತ್ತಿದ್ದೆವು. ತೊಂಬತ್ತರ ದಶಕದ ಮಾತಿದು. ಹಗಲೆಲ್ಲ ಕಾಕ್ಸ್ ಟೌನಿನಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ಫ್ಲ್ಯಾಟು ಕಟ್ಟುವ ಕಡೆ ಬಾಂಡ್ಲಿ ಹೊತ್ತವರು, ಸಂಜೆ ಮುಖ ತೊಳೆದು ವಿಭೂತಿ ಹಚ್ಚಿಕೊಂಡರೆ ಬೇರೆಯೇ ಮಂದಿ ಆಗಿಬಿಡುತ್ತಿದ್ದೆವು. ಈಗ ನನ್ನ ಮನೆಯಲ್ಲಿ ಎರಡೆರಡು ಫ್ಯಾನು ತಿರುಗುತ್ತವೆ. ಆದರೂ ಆ ತಗಡಿನ ಖೋಲಿಯ ಸೆಕೆ ಬೇಕೆನಿಸುತ್ತದೆ. ಹುಚ್ಚು ಅನ್ನಿ ಬೇಕಾದರೆ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನೂ ನನ್ನ ಅಣ್ಣನನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವಳು ಅವಳೇ. ದಮ್ಮಡಿ ಬಾರಿಸುತ್ತ ಭಜನೆ ನಡೆಸುತ್ತಿದ್ದಳು. ಯಾರಾದರೂ ತಾಳ ತಪ್ಪಿದರೆ ಹಾಡು ನಿಲ್ಲಿಸದೆ ಕಣ್ಣಲ್ಲೇ ಬೈಯುತ್ತಿದ್ದಳು.

ಅವಳದೊಂದು ಕಟ್ಟಳೆ ಇತ್ತು. ಖೋಲಿಯೊಳಗೆ, ನಮ್ಮೂರ ಶರಣರ ಪಟದ ಮುಂದೆ, ರೊಕ್ಕದ ಮಾತು ಎತ್ತುವಂತಿಲ್ಲ. ಕೂಲಿಯ ಮಾತಿರಲಿ, ಬಾಡಿಗೆಯ ಮಾತಿರಲಿ, ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿ ನಿಂತು ಆಡಬೇಕು. ಒಮ್ಮೆ ಮೇಸ್ತ್ರಿಯೊಬ್ಬ ಆರತಿ ಮುಗಿದದ್ದೇ ತಡ, ಕೂಲಿ ಕಮ್ಮಿ ಮಾಡಿಕೊಳ್ಳಿರೆಂದು ಶುರು ಮಾಡಿದ. ದೊಡ್ಡವ್ವ ಅವನನ್ನು ಎಬ್ಬಿಸಿಯೇ ಬಿಟ್ಟಳು.

"ದೇವರ ಮುಂದ ಕೂತಾಗ ನಮ್ಮ ಮಂದಿ ಯಾರಿಗೂ ಇಲ್ಲ ಅನ್ನಂಗಿಲ್ಲ. ಇಲ್ಲ ಅನ್ನಲಾಕ ಬರದ ಜಾಗದಾಗ ಕೇಳಬಾರದೋ ಯಪ್ಪಾ" ಎಂದಳು.

ನಿಜವೇ ಆಗಿತ್ತು. ಪಟದ ಮುಂದೆ ಆಡಿದ ಮಾತಿಗೆ ನಾವು ಎದುರು ಮಾತಾಡುತ್ತಿರಲಿಲ್ಲ. ಆರತಿ ಮುಟ್ಟಿ ಹೂಂ ಅಂದರೆ ಮುಗಿಯಿತು, ತಲೆ ಹೋದರೂ ನಡೆಸಬೇಕು. ಅದು ನಮ್ಮ ಹಿರಿಮೆಯೂ ಹೌದು, ಮೂರ್ಖತನವೂ ಹೌದು.

ಅಂಥಲ್ಲಿಗೆ ಆ ಮನುಷ್ಯ ಬಂದ. ನಮ್ಮ ಕಡೆಯವನೇ. ಬಿಳಿ ಅಂಗಿ, ಹಣೆ ತುಂಬ ವಿಭೂತಿ. ಹಾಡಲು ಕೂತರೆ, ಅಬ್ಬಾ, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬರುತ್ತಿತ್ತು. ತವರನ್ನು ನೆನೆಯುವ ಪದವೊಂದನ್ನು ಅವನು ಎತ್ತಿದರೆ ಗಂಡಸರೂ ಸೆರಗು ಹುಡುಕುವಂತಾಗುತ್ತಿತ್ತು. ದೊಡ್ಡವ್ವನಿಗೆ 'ಯವ್ವಾ, ಯವ್ವಾ' ಅನ್ನುತ್ತಿದ್ದ. ಯಾರನ್ನೂ ಹೊಗಳದ ಅವಳು ಹಾರ್ಮೋನಿಯಂ ಅವನ ಮುಂದೆ ಸರಿಸಿ, "ಇವ ಹಾಡಿದ್ರ ನನಗ ನಮ್ಮವ್ವ ಕಂಡಂಗ ಆಗ್ತದ" ಎಂದಿದ್ದಳು.

ಮೆಲ್ಲಗೆ ಅವನ ಕಂಪನಿಯ ಸುದ್ದಿ ಹರಡಿತು. ನಮ್ಮವರು ನಮ್ಮವರಿಗಾಗಿಯೇ ಮಾಡಿದ್ದಂತೆ. ಹಾಕಿದ ರೊಕ್ಕ ವರ್ಷ ತಿರುಗುವುದರೊಳಗೆ ಎರಡರಷ್ಟಂತೆ. ಕೈ ಕೆಸರಾಗದೆ ಬಾಯಿ ಮೊಸರು! ಮೊದಲು ಕೊಟ್ಟ ಒಂದಿಬ್ಬರಿಗೆ ಲಾಭವೆಂದು ನೋಟು ತಂದು, ಕುಂಕುಮ ಹಚ್ಚಿ, ಆರತಿ ತಟ್ಟೆಯಲ್ಲಿಟ್ಟು ಕೊಟ್ಟ. ಜನ ಅದನ್ನು ಕಣ್ಣಿಗೊತ್ತಿಕೊಂಡರು. ಆ ದಿನ ದೊಡ್ಡವ್ವ ಜ್ವರ ಬಂದು ನನ್ನ ಖೋಲಿಯಲ್ಲಿ ಮಲಗಿದ್ದಳು. ಇದ್ದಿದ್ದರೆ ಅಂದೇ ಇತ್ಯರ್ಥ ಆಗಿಬಿಡುತ್ತಿತ್ತು.

ಮುಂದಿನ ಸೋಮವಾರ ಅವನು ಪಟದ ಮುಂದೆಯೇ ಎಲ್ಲರನ್ನೂ ರೊಕ್ಕ ಕೇಳಿದ. ನನ್ನಣ್ಣ ಎದ್ದು ಆರತಿ ಮುಟ್ಟಿ, ತಾನು ಸೈಟಿಗೆಂದು ಕೂಡಿಟ್ಟದ್ದನ್ನೂ ಕೊಡುತ್ತೇನೆ, ಅವ್ವನ ಬಂಗಾರದ ಬೋರಮಾಳ ಸರವನ್ನೂ ಕೊಡುತ್ತೇನೆ ಎಂದುಬಿಟ್ಟ. ಸರ ಇದ್ದದ್ದು ನನ್ನ ಜೋಳದ ಹಿಟ್ಟಿನ ಡಬ್ಬಿಯಲ್ಲಿ. ಅವ್ವನದೆಂದು ನಮಗೆ ಉಳಿದಿದ್ದು ಅದೊಂದೇ. ನನ್ನ ಮೈ ಉರಿದುಹೋಯಿತು. ಆದರೆ ಪಟದ ಮುಂದೆ ಬಾಯಿ ಬರಲಿಲ್ಲ. ದೊಡ್ಡವ್ವನ ಮುಖ ನೋಡಿದೆ.

ಅವಳು ದಮ್ಮಡಿ ಕೆಳಗಿಟ್ಟಳು. "ಹೊರಗ ನಡಿ ಯಪ್ಪಾ. ಚಪ್ಪಲಿ ಮೆಟ್ಟು. ಈಗ ಅಂದದ್ದು ಅಲ್ಲಿ ನಿಂತು ಮತ್ತೊಮ್ಮೆ ಅನ್ನು."

ಅವನು ನಕ್ಕ. "ಯವ್ವಾ, ಇದು ದೇವರ ಕೆಲಸ. ದೇವರ ಮುಂದನೇ ಆಗ್ಲಿ."

"ದೇವರಿಗಿ ಎಲ್ಲಾ ಗೊತ್ತದ. ಗೊತ್ತಿಲ್ಲದವ್ರು ನಾವು. ನಮಗ ಹೇಳು ನಡಿ."

ಬೀದಿಗೆ ಬಂದೆವು. ಮೂಲೆಯ ಚಹಾ ಅಂಗಡಿಯ ಸಾಬರೂ, ಇಸ್ತ್ರಿ ಗಾಡಿಯ ತಮಿಳಿನವನೂ ಏನು ಗಲಾಟೆ ಎಂದು ಹತ್ತಿರ ಬಂದರು. ಅವನು ಕಂಪನಿಯ ಮಾತು ಹೇಳತೊಡಗಿದ. ಒಳಗೆ ಜೇನಿನಂತಿದ್ದ ದನಿ ಬೀದಿದೀಪದ ಕೆಳಗೆ ಯಾಕೋ ಒಣಗಿತ್ತು.

"ಆಫೀಸ್ ಎಲ್ಲಿದೆ ಹೇಳಿ ಸಾರ್, ನಾನೂ ಬಂದ್ ಹಾಕ್ತೀನಿ" ಎಂದ ಇಸ್ತ್ರಿಯವನು.

"ಸದ್ಯಕ್ಕ ಆಫೀಸು ಶಿಫ್ಟ್ ಆಗ್ಲಾಕತ್ತದ."

"ಎಲ್ಲಿಂದ ಎಲ್ಲಿಗೆ ಸಾರ್?"

ದೊಡ್ಡವ್ವ ಕೇಳಿದಳು: "ಆ ಲಾಭ ಯಾವ ಯಾಪಾರದಾಗ ಹುಟ್ತದ? ನಾಳಿಗಿ ನಮ್ಮ ರೊಕ್ಕ ತಿರುಗಿ ಬೇಕಂದ್ರ ಕೊಡ್ತೀಯಾ?"

ಚಹಾದ ಸಾಬರು ತಲೆಯಾಡಿಸಿದರು. "ನಮ್ ಮಸೀದಿ ಹತ್ರನೂ ಒಬ್ಬ ಬಂದಿದ್ದ ಅಮ್ಮಾ. ಮಾತು ಇದೇ, ದೇವ್ರ ಹೆಸ್ರು ಮಾತ್ರ ಬೇರೆ."

ಅವನ ಮುಖ ಕೆಂಪಾಯಿತು. ನಂಬಿಕೆ ಇಲ್ಲದ ಕಡೆ ನಾನು ನಿಲ್ಲುವುದಿಲ್ಲ ಎಂದು ಹೊರಟೇಬಿಟ್ಟ. ಅಣ್ಣ ಹಲ್ಲು ಕಡಿದ. "ದೇವರ ಮುಂದ ಮಾತು ಕೊಟ್ಟೀನಿ ದೊಡ್ಡವ್ವ. ಸರ ಕೊಡಬೇಕು."

"ದೇವರ ಮುಂದ ಕೊಟ್ಟ ಮಾತು ದೇವರಿಗಿ ಸೇರ್ತದ" ಎಂದಳು ಅವಳು. ನನ್ನಿಂದ ಸರ ತರಿಸಿ, ಶರಣರ ಪಟಕ್ಕೇ ಹಾಕಿಬಿಟ್ಟಳು. "ಕೊಟ್ಟಂಗಾತು. ಬೇಕಂದವ ಬಂದು ದೇವರ ಕೊಳ್ಳಾಗಿಂದ ಬಿಚ್ಚಿಕೊಳ್ಳಲಿ."

ಯಾರು ಬಿಚ್ಚುತ್ತಾರೆ! ನನಗೆ ನಗುವೂ ಬಂತು, ಅಳುವೂ ಬಂತು.

ಅಣ್ಣ ಮಾತ್ರ ಮುನಿದ. ಹಾಡುವವನ ಮಾನ ಕಳೆದಿರಿ ಎಂದು ಬೈದು, ಕೆ.ಆರ್. ಪುರದಲ್ಲಿ ಖೋಲಿ ಹಿಡಿದ. ಇನ್ನೂ ಒಂದೆರಡು ಮನೆಯವರು ಹಿಂದೆಯೇ ಹೋದರು. ಅಲ್ಲಿ ಆ ಮನುಷ್ಯನದೇ ಭಜನೆ, ಅವನದೇ ಆರತಿ. ಅಣ್ಣ ಕೂಡಿಟ್ಟದ್ದೆಲ್ಲ ಆ ತಟ್ಟೆಗೆ ಬಿತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಆ ಮನುಷ್ಯ ಕೋಣೆಗೆ ಬೀಗ ಜಡಿದು ಮಾಯವಾಗಿದ್ದ.

ಸುದ್ದಿ ಬಂದಾಗ ಅಣ್ಣ ನಮ್ಮ ಹತ್ತಿರ ಓಡಿಬರುತ್ತಾನೆ ಅಂದುಕೊಂಡಿದ್ದೆ. ಬರಲಿಲ್ಲ. ಕೆಲಸದ ಹಾದಿಯಲ್ಲಿ ನನ್ನ ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದ. ನಾಗರಪಂಚಮಿಗೂ ಬರಲಿಲ್ಲ. ನಮ್ಮಲ್ಲಿ ಪಂಚಮಿಗೆ ಅಣ್ಣ ತಂಗಿಯ ಬಾಗಿಲಿಗೆ ಬರದಿದ್ದರೆ ಅವಳಿಗೆ ತವರು ಸತ್ತಂತೆ. ಉಂಡಿ ಕಟ್ಟಿಟ್ಟು ಸಂಜೆಯವರೆಗೆ ಹೊಸ್ತಿಲಲ್ಲಿ ಕೂತಿದ್ದೆ. ಆಮೇಲೆ ಅವನನ್ನು ಬಾಯಿಗೆ ಬಂದಂತೆ ಬೈದು, ಅತ್ತು, ಮಲಗಿದೆ. ಸರ ಉಳಿದಿತ್ತು, ಅಣ್ಣ ಹೋಗಿದ್ದ. ಆ ಬಂಗಾರ ಕಟ್ಟಿಕೊಂಡು ಏನು ಸುಡಲಿ!

ಮರುವಾರ ಸೋಮವಾರ ಎಲ್ಲರೂ ಸೇರಿದ ಮೇಲೆ ದೊಡ್ಡವ್ವ ದಮ್ಮಡಿಯನ್ನು ಚೀಲಕ್ಕೆ ಹಾಕಿದಳು. "ಇವತ್ತ ಭಜನಿ ಕೆ.ಆರ್. ಪುರದಾಗ. ನಡೀರಿ" ಎಂದಳು. ಎಲ್ಲರೂ ಬಸ್ಸು ಹತ್ತಿದೆವು. ಕಂಡಕ್ಟರು ಹಾರ್ಮೋನಿಯಂ ನೋಡಿ, "ಮದ್ವೆನಾ ಅಮ್ಮಾ?" ಎಂದ. "ಹ್ಞೂಂ, ಬೀಗರು ಮುನಿಸಿಕೊಂಡಾರ" ಎಂದಳು ದೊಡ್ಡವ್ವ.

ಅಣ್ಣ ಖೋಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಸೊರಗಿದ್ದ. ನಮ್ಮನ್ನು ಕಂಡವನೇ ತಲೆ ಬಗ್ಗಿಸಿದ. ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಹೋಗಲಿಲ್ಲ. ಬಸ್ಸಿನುದ್ದಕ್ಕೂ ಬೈಗುಳ ಹೊಂದಿಸಿಕೊಂಡು ಬಂದಿದ್ದೆ.

"ನನಗ ಅವನ ಕೂಡ ಮಾತಾಡೋದದ" ಎಂದೆ.

"ಆಡು. ಚಪ್ಪಲಿ ಅದಾವಲ್ಲ ಕಾಲಾಗ, ಹೊರಗ ನಿಂತು ಎಷ್ಟ ಬೇಕಷ್ಟು ಆಡು" ಎಂದಳು ದೊಡ್ಡವ್ವ. "ಒಳಗ ಬರೋದಾದ್ರ ಬಿಟ್ಟು ಬಾ."

ಆಗ ನನಗೆ ತಿಳಿಯಿತು ಅವಳು ಯಾಕೆ ಭಜನೆಯನ್ನೇ ಹೊತ್ತುಕೊಂಡು ಬಂದಳೆಂದು. ಒಳಗೆ ಕೂತವರು ಯಾರೂ ರೊಕ್ಕದ ಮಾತು ಎತ್ತುವಂತಿಲ್ಲ. ಎಷ್ಟು ಹೋಯಿತೆಂದು ಕೇಳುವಂತಿಲ್ಲ, ನಾವು ಹೇಳಿರಲಿಲ್ಲವೇ ಅನ್ನುವಂತಿಲ್ಲ. ನಾನು ಚಪ್ಪಲಿ ಬಿಟ್ಟೆ.

ದೊಡ್ಡವ್ವ ಹಾಡು ಎತ್ತಿದಳು. ಆ ತವರಿನ ಪದ, ಆ ಮನುಷ್ಯ ಹಾಡುತ್ತಿದ್ದದ್ದೇ. ಅವನು ಹೋದ ಮೇಲೆ ನಮ್ಮ ಖೋಲಿಯಲ್ಲಿ ಅದನ್ನು ಯಾರೂ ಬಾಯಿಗೆ ತಂದಿರಲಿಲ್ಲ. ಅವಳ ದನಿ ಒಡೆದಿತ್ತು, ಶ್ರುತಿ ಕೂಡಲಿಲ್ಲ. ಆದರೂ ಹಾಡು ನಮ್ಮದೆಂಬಂತೆ ಹಾಡಿದಳು. ಎರಡನೆಯ ನುಡಿಗೆ ಅಣ್ಣ ತಾಳಕ್ಕೆ ಕೈ ಚಾಚಿದ.

ಮುಗಿಸಿ ಹೊರಗೆ ಬಂದಾಗ ಕತ್ತಲಾಗಿತ್ತು. ಆ ಗುಡ್ಡೆಯಲ್ಲಿ ನನ್ನ ಚಪ್ಪಲಿಯನ್ನು ಅಣ್ಣನೇ ಹುಡುಕಿ ನನ್ನ ಕಾಲ ಮುಂದಿಟ್ಟ. ನಾನು ಮೆಟ್ಟಿಕೊಂಡೆ. ಈಗ ನಿಂತಿದ್ದು ಬೀದಿಯಲ್ಲಿ, ಕಾಲಲ್ಲಿ ಚಪ್ಪಲಿ ಇತ್ತು, ಏನು ಬೇಕಾದರೂ ಕೇಳಬಹುದಿತ್ತು. ಅವನೂ ಕೇಳಲಿ ಎಂದೇ ಕಾದು ನಿಂತಿದ್ದ.

"ಪಂಚಮಿ ಉಂಡಿ ಇನ್ನ ಅದಾವ" ಎಂದೆ. "ನಾಳಿಗಿ ಬಂದು ತಿಂದು ಹೋಗು."